ಕೂರುವ ಜಾಗ

"ಏಳೇ ಮ್ಯಾಕೆ, ಮುದಿ ಕತ್ತೆ! ನಿಮ್ಮಪ್ಪ ಮದ್ವೇಲಿ ಕೊಟ್ಟ ಮಂಚ ಅಂದ್ಕಂಡ್ಯಾ ಇದು?"

ಡ್ರೈವರ್ ಬಲ್ಗಾಸಿಂ ಬಕೀಟಿನ ನೀರನ್ನು ತೆರೆದ ಸರಕುಗಾಡಿಯ ತಳಕ್ಕೆ ರಪ್ಪನೆ ಎರಚಿದ. ಮೂಲೆಯಲ್ಲಿ ಕುಕ್ಕರಿಸಿದ್ದ ಜಾಜಿಯಾ ಮಂಡಿ ಹಿಡಿದುಕೊಂಡು ಏಳುವಷ್ಟರಲ್ಲಿ ಅರ್ಧ ನೀರು ಅವಳ ಮಡಿಲಿಗೇ ಬಿದ್ದಿತ್ತು. ಆಲಿವ್ ಕೊಯ್ಲಿನ ಕಾಲ, ಮೂಳೆಗೆ ತಾಗುವ ಚಳಿ. ಸೂರ್ಯ ಇನ್ನೂ ಕಳ್ಳಿಬೇಲಿಯ ಆಚೆಗೇ ಇದ್ದ. ಒದ್ದೆ ಬಟ್ಟೆ ತೊಡೆಗೆ ಅಂಟಿಕೊಂಡು ಜಾಜಿಯಾಳ ಹಲ್ಲು ಕಟಕಟ ಎನ್ನತೊಡಗಿತು.

ಇದು ಅವತ್ತೊಂದು ದಿನದ ಸಿಟ್ಟಲ್ಲ, ದಿನವೂ ನಡೆಯುವ ಕ್ರಮ. ಕೂತ ಹೆಂಗಸು ಇಬ್ಬರ ಜಾಗ ತಿನ್ನುತ್ತಾಳೆ, ನಿಂತವಳು ಒಬ್ಬಳದ್ದನ್ನೂ ಪೂರ್ತಿ ತಿನ್ನುವುದಿಲ್ಲ ಎಂಬುದು ಬಲ್ಗಾಸಿಮನ ಲೆಕ್ಕ. ಅದಕ್ಕೇ ಗಾಡಿ ಹೊರಡುವ ಮೊದಲು ತಳಕ್ಕೆ ನೀರು. ತೋಟದ ಧಣಿ ಸಿ ಮೊಖ್ತಾರನ ಕುರಿಗಳನ್ನು ಸಾಗಿಸುವಾಗ ಮಾತ್ರ ಅದೇ ತಳಕ್ಕೆ ಹುಲ್ಲು ಹಾಸುತ್ತಿದ್ದ. ಕುರಿಯ ಕಾಲು ಮುರಿದರೆ ಕೇಳುವವರು ಇದ್ದಾರಲ್ಲ!

ಬೀರ್ ಸ್ಬಯ್ಯ ಎಂಬ ಆ ಊರಿನ ಹೆಂಗಸರು ಒಬ್ಬರ ಬೆನ್ನಿಗೆ ಒಬ್ಬರು ಒತ್ತಿಕೊಂಡು ನಿಂತರು. ಅವರಲ್ಲಿ ಬೆಯ್ಯಾ ಎಂಬವಳ ನಾಲಿಗೆ ಸ್ವಲ್ಪ ಉದ್ದ.

"ಅಲ್ಲಣ್ಣ, ಒಂದಿನ ನೀರು ಕುಡಿಸ್ದೆ ಇದ್ರೆ ನಿನ್ ಗಾಡಿ ಬಾಯಾರ್ಕಂಡು ಸತ್ತೋಯ್ತದಾ?"

ಹೆಂಗಸರು ಶಾಲಿನೊಳಗೇ ಕಿಸಕ್ಕೆಂದರು. ಬಲ್ಗಾಸಿಂ ಬಕೀಟನ್ನು ನೆಲಕ್ಕೆ ಕುಕ್ಕಿದ.

"ನಗ್ರೀ, ನಗ್ರೀ. ಕೂತ್ಕಂಡೋಗೋ ರುಚಿ ಹತ್ತದೆ ನಿಮ್ಗೆ. ಆ ಮುಂಡೆ ವನ್ನಾಸ ಹತ್ಸವ್ಳೆ. ಕಾರಂತೆ, ಮೆತ್ತನೆ ಸೀಟಂತೆ! ಮೊದ್ಲು ಯಾವೋಳಾದ್ರೂ ನನ್ ಎದ್ರಿಗೆ ಉಸಿರು ಬುಡ್ತಿದ್ರಾ? ಈಗ ನೋಡು, ಒಬ್ಬೊಬ್ಬಳ ಕುಂಡೇನೂ ಸಾಹುಕಾರ್ತಿ ಕುಂಡೆ ಆಗ್ಬುಟ್ಟದೆ."

ಹೆಂಗಸರು ಶಾಲು ಬಿಗಿದುಕೊಂಡರು. ಆ ಊರಿನಿಂದ ಆಲಿವ್ ತೋಟಕ್ಕೆ ಹೋಗುವ ಗಾಡಿ ಅದೊಂದೇ. ಹತ್ತಿಸಿಕೊಳ್ಳುವುದಿಲ್ಲ ಎಂದರೆ ಆ ದಿನ ಒಲೆ ಹತ್ತುವುದಿಲ್ಲ.

ವನ್ನಾಸ ಅದೇ ಊರಿನವಳು, ಐವತ್ತು ದಾಟಿದ ವಿಧವೆ. ಗಂಡ ಸತ್ತಾಗ ಅವಳ ಪಾಲಿಗೆ ಉಳಿದದ್ದು ಬಾಗಿಲಿಗೆ ತಂತಿ ಕಟ್ಟಿದ ಹಳೇ ಪ್ಯೂಜೊ ಕಾರು. ಮಾರಿ ಕೈ ತೊಳೆದುಕೋ ಎಂದರು ಗಂಡಸರು. ಅವಳು ಮಾರಲಿಲ್ಲ, ಓಡಿಸುವುದನ್ನು ಕಲಿತಳು. ಕಲಿಯುವಾಗ ಎರಡು ಕಳ್ಳಿಬೇಲಿಗಳೂ ಇಮಾಮರ ಹುಂಜವೂ ಹೋದವು. ಊರಿನವರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ಪಟ್ಟಣದಲ್ಲಿ ಒಂದು ಸಂಘವಿತ್ತು. ಬಸ್ಸು ಬಾರದ ಊರುಗಳ ರೋಗಿಗಳನ್ನು ಆಸ್ಪತ್ರೆಗೆ ಪುಕ್ಕಟೆ ಮುಟ್ಟಿಸಿ ವಾಪಸು ತರುವ ನಾಲ್ಕಾರು ಜನರ ಸಂಘ. ಪೆಟ್ರೋಲು ಸಂಘದ್ದು, ಗಾಡಿಯೂ ಮೈಕೈ ನೋವೂ ಓಡಿಸುವವರದ್ದು. ವನ್ನಾಸ ಅದಕ್ಕೆ ಸೇರಿದಳು. ಯಾಕೆ ಈ ಉಸಾಬರಿ ಎಂದು ಕೇಳಿದವರಿಗೆ, "ಮನೇಲಿ ಕೂತು ಗ್ವಾಡೆ ನೋಡ್ಲಾ? ರಸ್ತೆನಾದ್ರೂ ನೋಡ್ತೀನಿ ಬುಡ್ರಿ" ಅನ್ನುತ್ತಿದ್ದಳು.

ಆ ವಾರದ ಮಂಗಳವಾರ ಜಾಜಿಯಾ ಮಂಡಿ ತೋರಿಸಲು ಅವಳ ಕಾರು ಹತ್ತಿದಳು. ಹಿಂದಿನ ಸೀಟಿನಲ್ಲಿ ಶಾದ್ಲಿಯಾ ಮುದುಡಿಕೊಂಡಿದ್ದಳು. ಪಕ್ಕದ ಮನೆ ಖದ್ದೂಜಾಳ ಮಗಳು, ಇಪ್ಪತ್ತಾರರ ಹುಡುಗಿ. ಎರಡು ವರ್ಷದ ಹಿಂದೆ ಆಲಿವ್ ಮರದ ತುದಿಗೆ ಹತ್ತಿ ಹಾಡು ಹೇಳುತ್ತಿದ್ದವಳು ಇವಳೇನಾ ಅನ್ನುವ ಹಾಗಾಗಿದ್ದಳು. ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ಪಟ್ಟಣದ ಆಸ್ಪತ್ರೆಯಲ್ಲಿ ಯಂತ್ರಕ್ಕೆ ರಕ್ತ ಹರಿಸಿ ತೊಳೆಸಿಕೊಂಡು ಬರಬೇಕು.

"ಸರದಿ ತಪ್ಪಿಸಬೇಡಿ. ಒಂದು ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತೆ. ಎರಡು ತಪ್ಪಿದರೆ ನನ್ನ ಹತ್ತಿರ ತರುವ ಅಗತ್ಯವೇ ಬೀಳಲ್ಲ" ಎಂದು ಅವತ್ತು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ. ಜಾಜಿಯಾ ಅಲ್ಲೇ ಇದ್ದಳು, ಅವಳ ಕಿವಿಗೇ ಬಿತ್ತು. ಆಮೇಲೆ ತನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ಅವಳಿಗೆ ಉಳಿಯಲಿಲ್ಲ.

ವಾಪಸು ಬರುವಾಗ ಶಾದ್ಲಿಯಾ ಅವಳ ಭುಜದ ಮೇಲೆ ತಲೆಯಿಟ್ಟು ನಿದ್ದೆಹೋದಳು. ಜಾಜಿಯಾ ಕಾಲು ನೀಡಿ ಕೂತಳು. ಅರವತ್ತು ಹತ್ತಿರ ಬಂದಿತ್ತು. ಗಾಡಿಯಲ್ಲಿ ಕೂತು ಹೋಗುವ ಸುಖ ಎಂಥದೆಂದು ಈ ಕಾರು ಬರುವವರೆಗೆ ಅವಳಿಗೆ ಗೊತ್ತಿರಲಿಲ್ಲ. ಕಿಟಕಿಯಾಚೆ ಬಯಲು ತಾನೇ ಓಡುತ್ತಿತ್ತು, ಮಂಡಿ ಸುಮ್ಮನಿತ್ತು. ಹೀಗೇ ಊರು ಬಾರದೆ ಇದ್ದರೆ ಎಷ್ಟು ಚೆನ್ನ ಅನ್ನಿಸಿತು.

ಇಳಿಯುವಾಗ ಸೆರಗಿನ ಗಂಟು ಬಿಚ್ಚಿ ನಾಲ್ಕು ಮೊಟ್ಟೆಗಳನ್ನು ಸೀಟಿನ ಮೇಲಿಟ್ಟು ಅತ್ತ ತಿರುಗಿಕೊಂಡಳು. ಆ ಊರಿನಲ್ಲಿ ಹಾಗೇ. ಒಬ್ಬರ ಗಾಡಿಯಿಂದ ಬರಿಗೈಯಲ್ಲಿ ಇಳಿಯುವುದೆಂದರೆ ತಿರಿದು ಉಂಡ ಹಾಗೆ. ರೊಟ್ಟಿಯೋ, ಶೀಶೆಯಲ್ಲಿ ತುಸು ಎಣ್ಣೆಯೋ, ಮೊಟ್ಟೆಯೋ, ಕೊಟ್ಟೆ ಅನ್ನದೆ ಇಟ್ಟು ಹೋಗಬೇಕು. ಇಟ್ಟವರು ನೋಡಬಾರದು, ಪಡೆದವರು ಬಯ್ಯಬೇಕು.

"ಏ ಜಾಜಿಯಕ್ಕಾ! ಮತ್ತೆ ಮೊಟ್ಟೆ ಇಕ್ಕಿದ್ಯಾ? ನಿನ್ ಕೋಳಿಗೇನು ನನ್ ಮ್ಯಾಲೆ ಹರಕೆನಾ? ತಗಂಡೋಗು, ಇಲ್ದಿದ್ರೆ ಮುಂದಿನ ಸಲ ಕೋಳಿನೇ ಕೂರಿಸ್ಕಂಡೋಯ್ತೀನಿ, ನಿನ್ನ ಬುಟ್ಟು!" ಎಂದು ವನ್ನಾಸ ಕೂಗಿದಳು.

ಜಾಜಿಯಾ ತಿರುಗಿ ನೋಡದೆ ನಗುತ್ತಾ ಮನೆಯ ಕಡೆ ಕುಂಟಿದಳು.

ಮಾರನೆಯ ದಿನ ತೋಟದಲ್ಲಿ, ಹೆಂಗಸರು ಮರದ ಕೆಳಗೆ ಹಾಸಿದ ಬಲೆಯ ಮೇಲೆ ಕೂತು ರೊಟ್ಟಿಗೆ ಖಾರದ ಹರೀಸ ಚಟ್ನಿ ಸವರಿಕೊಂಡು ತಿನ್ನುತ್ತಿದ್ದರು. ಜಾಜಿಯಾ ಬೆರಳುಗಳಿಗೆ ಸಿಕ್ಕಿಸಿಕೊಂಡಿದ್ದ ಆಡಿನ ಕೊಂಬುಗಳನ್ನು ಒಂದೊಂದಾಗಿ ಕಳಚುತ್ತಿದ್ದಳು. ಬರಿಬೆರಳಲ್ಲಿ ಕಾಯಿ ಬಾಚಿದರೆ ಕೊಂಬೆ ತಾಗಿ ಚರ್ಮ ಸುಲಿಯುತ್ತದೆ, ಅದಕ್ಕೆ ಆ ಕೊಂಬು. ಅಷ್ಟರಲ್ಲಿ ಬಲ್ಗಾಸಿಂ ಅವಳ ಮುಂದೆ ಬಂದು ಒಂದು ಲೋಟ ಚಹಾ ಹಿಡಿದ. ಜಾಜಿಯಾಳಿಗೆ ಗಾಬರಿಯಾಯಿತು.

"ಮಂಡಿ ಹೆಂಗದೆ ಚಿಕ್ಕಮ್ಮಾ?"

ಬೆಳಿಗ್ಗೆ ಮುದಿ ಕತ್ತೆ, ಮಧ್ಯಾಹ್ನಕ್ಕೆ ಚಿಕ್ಕಮ್ಮ!

"ಅದೆ, ಎಲ್ಲಿಗೋಯ್ತದೆ?"

"ನಾಳಿದ್ದಿಂದ ನೀನು ಮುಂದ್ಗಡೆ ಕೂತ್ಕ. ನನ್ ಪಕ್ಕ, ಕ್ಯಾಬಿನ್ನಲ್ಲಿ. ಬಿಸಿಗಾಳಿ ಬತ್ತದೆ, ರೇಡಿಯಾ ಅದೆ. ಕೊಯ್ಲು ಮುಗಿಯೋಗಂಟ ಆ ಸೀಟು ನಿಂದು."

"ಯಾಕಪ್ಪ?"

"ಯಾಕೆ ಅಂದ್ರೆ? ನಮ್ಮವ್ವನ ವಾರ್ಗೆಯೋಳು ನೀನು, ನಂಗೂ ಕರುಳಿಲ್ವಾ?" ಅವನು ಪಕ್ಕದಲ್ಲೇ ಕುಕ್ಕರಿಸಿ ದನಿ ತಗ್ಗಿಸಿದ. "ಒಂದು ಮಾತು ಹೇಳ್ಬೇಕು ನೀನು. ಸುಳ್ಳು ಹೇಳು ಅಂತ ನಾನು ಅನ್ನಾಕಿಲ್ಲ, ದೇವ್ರು ಮೆಚ್ಚಾಕಿಲ್ಲ. ವನ್ನಾಸನ ಕಾರಲ್ಲಿ ಹೋದಾಗ ಏನಾದ್ರೂ ಇಕ್ಕಿ ಬತ್ತೀಯ ತಾನೇ?"

"ಮೊಟ್ಟೆ ಇಕ್ತೀನಿ. ಎಲ್ರೂ ಏನಾರ ಇಕ್ತಾರೆ."

"ಅಷ್ಟೇ. ಅದ್ನೇ ನಾಳೆ ಠಾಣೇಲಿ ಹೇಳ್ಬುಡು. ಸಾಹೇಬ್ರಿಗೆ ನಾನು ಹೇಳಿವ್ನಿ."

ಜಾಜಿಯಾ ದಡ್ಡಿಯಲ್ಲ. ಬಾಡಿಗೆ ಓಡಿಸುವ ಪರವಾನಗಿ ಇಲ್ಲದ ಗಾಡಿಯಲ್ಲಿ ಏನಾದರೂ ಪಡೆದು ಜನ ಹತ್ತಿಸಿದರೆ ಗಾಡಿ ಜಪ್ತಿಯಾಗುತ್ತದೆ ಎಂದು ಕೋಳಿ ಕಾಯುವ ಮಕ್ಕಳಿಗೂ ಗೊತ್ತಿತ್ತು. ಕುರಿಗಾಡಿಯಲ್ಲಿ ಹೆಂಗಸರನ್ನು ತುಂಬುವ ಬಲ್ಗಾಸಿಮನ ಹತ್ತಿರವೂ ಆ ಪರವಾನಗಿ ಇರಲಿಲ್ಲ. ಆದರೆ ಅವನ ಹಿಂದೆ ಸಿ ಮೊಖ್ತಾರ್ ಇದ್ದ. ವನ್ನಾಸಳ ಹಿಂದೆ ರೋಗಿಗಳಿದ್ದರು.

"ಶಾದ್ಲಿಯಾ?" ಎಂದಳು.

"ಅವಳ್ನ ನಾನೇ ಕರ್ಕಂಡೋಯ್ತೀನಿ. ನನ್ ಮಕ್ಕಳಾಣೆ."

ಜಾಜಿಯಾ ನಂಬಿದಳು. ನಂಬಿದರೆ ಸೀಟು ಸಿಗುತ್ತಿತ್ತು, ಅದಕ್ಕೇ ನಂಬಿದಳು. ಚಹಾ ಸಕ್ಕರೆ ಹೆಚ್ಚಾಗಿ ಪಾಕದ ಹಾಗಿತ್ತು. ತಳದ ಹನಿಯವರೆಗೂ ಕುಡಿದಳು.

ಗಾಡಿಗಳನ್ನು ತಡೆಯಲು ಹೆದ್ದಾರಿಗೆ ಅಡ್ಡಕಂಬ ಹಾಕಿದ ಪೊಲೀಸ್ ಠಾಣೆ. ಸಾಹೇಬ ಕಾಫಿ ಕುಡಿಯುತ್ತಿದ್ದ. ಗೋಡೆಗೆ ಉದ್ದನೆಯ ಬೆಂಚು, ಖಾಲಿ. ಜಾಜಿಯಾ ಅದರ ತುದಿಗೆ ಕೂರಲು ಹೋದಳು.

"ಏಯ್, ಅಲ್ಲಿ ಬೇಡ. ತೋಟದ ಮಣ್ಣೆಲ್ಲ ಬೆಂಚಿಗೆ ಬಳೀತೀಯ. ನಿಂತ್ಕೊಂಡೇ ಹೇಳು."

ನಿಂತುಕೊಂಡೇ ಹೇಳಿದಳು.

"ನಾಲ್ಕು ಮೊಟ್ಟೆ. ಅಂದ್ರೆ ಬಾಡಿಗೆ."

"ಬಾಡಿಗೆ ಅಲ್ಲ ಸ್ವಾಮಿ. ಅದೂ... ನಮ್ ಮರ್ವಾದೆ."

"ಮರ್ಯಾದೆನ ಕೋಳಿ ಇಡುತ್ತಾ ನಿಮ್ಮೂರಲ್ಲಿ?" ಸಾಹೇಬನಿಗೆ ತನ್ನ ಮಾತು ತನಗೇ ಹಿಡಿಸಿತು, ಒಳಗಿದ್ದ ಇನ್ನೊಬ್ಬನನ್ನು ಕರೆದು ಮತ್ತೊಮ್ಮೆ ಹೇಳಿ ನಕ್ಕ. "ಪ್ರತಿ ಸಲ ಇಡ್ತೀಯಲ್ಲ? ಎಲ್ಲರೂ ಇಡ್ತಾರಲ್ಲ? ಸಾಕು. ಬಾ, ಹೆಬ್ಬೆಟ್ಟು ಒತ್ತು."

ಅವಳ ಬೆರಳನ್ನು ಅವನೇ ಹಿಡಿದು ಮಸಿಗೆ ಅದ್ದಿ ಒತ್ತಿಸಿದ. ಆಮೇಲೆ ತನ್ನ ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡ. ಹೆಬ್ಬೆಟ್ಟಿನ ಮಸಿಯನ್ನು ಜಾಜಿಯಾ ದಾರಿಯುದ್ದಕ್ಕೂ ಬಟ್ಟೆಗೆ, ಮಣ್ಣಿಗೆ, ಕಲ್ಲಿಗೆ ಉಜ್ಜಿದಳು. ಉಗುರಿನ ಸಂದಿಯಲ್ಲಿ ಸ್ವಲ್ಪ ಉಳಿದೇ ಉಳಿಯಿತು.

ಶುಕ್ರವಾರ ಸಂಜೆ ವನ್ನಾಸಳ ಕಾರು ಊರಿಗೆ ಬರಲಿಲ್ಲ. ಆಸ್ಪತ್ರೆಯಿಂದ ಮರಳುವಾಗ ಠಾಣೆಯ ಮುಂದೆ ಹಿಡಿದು, ಕೀಲಿಕೈಯನ್ನೂ ಲೈಸೆನ್ಸನ್ನೂ ಕಿತ್ತುಕೊಂಡು ರೋಗಿಗಳನ್ನು ರಸ್ತೆಗಿಳಿಸಿದ್ದರು. ರಕ್ತ ತೊಳೆಸಿಕೊಂಡು ಹಿಂಡಿದ ಬಟ್ಟೆಯಂತಾಗಿದ್ದ ಶಾದ್ಲಿಯಾಳನ್ನು ವನ್ನಾಸ ಅರ್ಧ ದಾರಿ ಹೆಗಲಿಗೆ ಆತುಕೊಂಡು, ಇನ್ನರ್ಧ ದಾರಿ ಯಾರದೋ ಕತ್ತೆಗಾಡಿಯಲ್ಲಿ ಕೂರಿಸಿಕೊಂಡು ಕರೆತಂದಳು.

ಅವಳನ್ನು ಮನೆಗೆ ಬಿಟ್ಟು ನೇರ ಜಾಜಿಯಾಳ ಬಾಗಿಲಿಗೆ ಬಂದಳು. ಗೊತ್ತಾಗಿಹೋಯಿತು, ಈಗ ಜುಟ್ಟು ಹಿಡಿದು ಬೀದಿಗೆ ಎಳೆಯುತ್ತಾಳೆ ಅಂದುಕೊಂಡಳು ಜಾಜಿಯಾ. ಎಳೆದಿದ್ದರೆ ಒಳ್ಳೆಯದಿತ್ತು.

"ಅಕ್ಕಾ, ಹೆದರ್ಕಬ್ಯಾಡ," ಎಂದಳು ವನ್ನಾಸ, ಹೊಸ್ತಿಲ ಮೇಲೆ ಕುಸಿದು ಕೂತು. "ಯಾವನೋ ಬೇವರ್ಸಿ ಮೊಟ್ಟೆ ವಿಷ್ಯ ಹಚ್ಚವ್ನೆ. ಯಾರ್ಯಾರು ಇಕ್ತಾರೆ, ಹೆಸ್ರು ಹೇಳು, ನಿನ್ ಕಾರು ಬುಡ್ತೀನಿ ಅಂದ ಸಾಹೇಬ. ನಾನು ಯಾರ್ ಹೆಸ್ರೂ ಹೇಳ್ನಿಲ್ಲ. ನಿನ್ ಹೆಸ್ರಂತೂ ಸತ್ರೂ ಬರಾಕಿಲ್ಲ ನನ್ ಬಾಯಲ್ಲಿ. ಬಡವ್ರು ನಿಮ್ನ ಯಾಕೆ ಠಾಣೆಗೆ ಎಳೀಲಿ?"

ಹೇಳಿಬಿಡಬೇಕು ಎಂದು ಜಾಜಿಯಾಳ ನಾಲಿಗೆಯ ತುದಿಗೆ ಬಂತು. "ನೀರು ಕುಡೀತೀಯಾ?" ಎಂದಳು.

"ಕೊಡವ್ವ."

ಕೊಟ್ಟಳು. ಮಸಿ ಕಾಣದ ಹಾಗೆ ಎಡಗೈಯಲ್ಲಿ ಕೊಟ್ಟಳು.

ಕ್ಯಾಬಿನ್ನಿನ ಸೀಟು ಬಲ್ಗಾಸಿಂ ಹೇಳಿದ ಹಾಗೇ ಇತ್ತು. ಬಿಸಿಗಾಳಿ ಮಂಡಿಗೆ ತಾಗುತ್ತಿತ್ತು, ಟ್ಯೂನಿಸಿನ ರೇಡಿಯೊ ಯಾವುದೋ ಮದುವೆಯ ಹಾಡು ಹಾಡುತ್ತಿತ್ತು. ಬೆನ್ನ ಹಿಂದಿನ ಗಾಜಿಗೆ ಹೆಂಗಸರ ಹೊಟ್ಟೆ, ಮೊಣಕೈ, ಒದ್ದೆ ಸೆರಗು ಒತ್ತಿಕೊಂಡಿದ್ದವು. ತಿರುವಿನಲ್ಲಿ ಒಬ್ಬರ ಮೇಲೊಬ್ಬರು ವಾಲಿ "ಯಪ್ಪಾ" ಅನ್ನುವುದು ಕೇಳುತ್ತಿತ್ತು. ಜಾಜಿಯಾ ಹಿಂದಕ್ಕೆ ತಿರುಗಲಿಲ್ಲ. ಎಷ್ಟು ವರ್ಷ ಬೇಡಿಕೊಂಡಿದ್ದ ಸುಖ! ಈಗ ಅದರ ಮೇಲೆ ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಳು.

ಇಳಿಯುವಾಗ ಬೆಯ್ಯಾ ಕಣ್ಣು ಕಿರಿದು ಮಾಡಿ ನೋಡಿದಳು.

"ಏನ್ ಜಾಜಿಯಕ್ಕಾ, ಬಲ್ಗಾಸಿಮಂಗೆ ಹೊಸಾ ಹೆಂಡ್ತಿ ಆದ್ಯಾ? ವಾಲಗ ಊದಿಸ್ನೇ ಇಲ್ಲ!"

"ಮಂಡಿ ನೋವು ಕಣಮ್ಮಿ" ಎಂದಳು ಜಾಜಿಯಾ.

"ಓಹೋ. ನಮ್ಗೆ ಮಂಡಿ ಇಲ್ಲ, ಗೂಟ ಅವೆ."

ಮಂಗಳವಾರ ಬಂತು. ಶಾದ್ಲಿಯಾಳ ಸರದಿ. ಪಟ್ಟಣದ ಸಂಘದ ಇನ್ನೊಬ್ಬ ಚಾಲಕ, ಒಬ್ಬ ನಿವೃತ್ತ ಮೇಷ್ಟ್ರು, ವನ್ನಾಸಳ ಕಾರು ಹಿಡಿದಿದ್ದಾರೆಂದು ತಿಳಿದು ಹಿಂಜರಿದ. ವನ್ನಾಸ ಬೇರೆಯವರಿಗೆ ಫೋನು ಮಾಡಿ ಮಾಡಿ ಸೋತಳು. ಆಂಬುಲೆನ್ಸಿನವರು ಊರ ದಾರಿಯ ಒಣಹಳ್ಳ ದಾಟಿ ಬರಲ್ಲ, ಹೆದ್ದಾರಿಗೆ ತನ್ನಿ, ಗಾಡಿ ಖಾಲಿಯಿದ್ದಾಗ ಕಳಿಸುತ್ತೇವೆ ಎಂದರು. ಖದ್ದೂಜಾ ಮಗಳನ್ನು ಹೆದ್ದಾರಿಗೆ ಸಾಗಿಸಿ ಸಂಜೆಯವರೆಗೆ ಕಾದು, ಹಾಗೇ ವಾಪಸು ತಂದಳು.

ಬುಧವಾರ ಕ್ಯಾಬಿನ್ನಿನಲ್ಲಿ ಜಾಜಿಯಾ ಧೈರ್ಯ ಮಾಡಿದಳು.

"ಬಲ್ಗಾಸಿಂ, ನೀನು ಆಣೆ ಇಕ್ಕಿದ್ದೆ."

"ಯಾವ ಆಣೆ?"

"ಶಾದ್ಲಿಯಾನ ಕರ್ಕಂಡೋಯ್ತೀನಿ ಅಂತ. ನಿನ್ ಮಕ್ಕಳಾಣೆ ಇಕ್ಕಿದ್ದೆ."

"ಇಕ್ಕಿದ್ದೆ. ಯಾವತ್ತು ಅಂತ ಹೇಳಿದ್ನಾ?" ರೇಡಿಯೊ ಜೋರು ಮಾಡಿದ. "ಕಾಯಿ ಉದುರಿ ಮಣ್ಣು ಪಾಲಾಯ್ತಾ ಅವೆ ಅಂತ ಧಣಿ ನನ್ ಪ್ರಾಣ ತಿಂತಾವ್ನೆ. ಕೊಯ್ಲು ಮುಗೀಲಿ, ನೋಡಾನ. ಬೆಚ್ಚಗೆ ಕೂತಿದೀಯಲ್ಲ, ತೆಪ್ಪಗೆ ಕೂತ್ಕ."

ತೆಪ್ಪಗೆ ಕೂತಳು. ಸಂಜೆ ಶಾದ್ಲಿಯಾಳನ್ನು ನೋಡಲು ಹೋದಳು. ಹೋಗಬಾರದು ಅಂದುಕೊಂಡರೂ ಕಾಲು ಎಳೆದುಕೊಂಡು ಹೋಯಿತು. ಹುಡುಗಿ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಳು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಣ್ಣು ಊದಿ ಸಂದಿಯಾಗಿದ್ದವು. ಕಾಲನ್ನು ಒತ್ತಿದರೆ ಹಿಟ್ಟಿನಲ್ಲಿ ಬೆರಳಿಟ್ಟ ಹಾಗೆ ಗುಳಿ ಬೀಳುತ್ತಿತ್ತು.

"ಸೀಟು ಸಿಕ್ತಂತಲ್ಲ ಚಿಕ್ಕಮ್ಮ?" ಎಂದಳು ಶಾದ್ಲಿಯಾ, ಮಾತಿನ ನಡುವೆ ಉಸಿರು ಹುಡುಕುತ್ತಾ. "ಒಳ್ಳೇದಾಯ್ತು ಕಣವ್ವ. ಪಾಪ, ನಿನ್ ಮಂಡಿ... ಎಷ್ಟು ನೋಯ್ತಿತ್ತು."

ಜಾಜಿಯಾ ಎದ್ದು ಹೊರಗೆ ಕಳ್ಳಿಬೇಲಿಯ ಮರೆಗೆ ಓಡಿದಳು. ಥೂ, ನಾನೂ ಒಂದು ಹೆಂಗಸೇ! ತನ್ನನ್ನು ತಾನೇ ಬೈದುಕೊಂಡಳು, ಕೆನ್ನೆಗೆ ತಾನೇ ಎರಡು ಬಾರಿಸಿಕೊಂಡಳು. ಅದರಿಂದ ಶಾದ್ಲಿಯಾಳಿಗೆ ಏನೂ ಆಗಲಿಲ್ಲ.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಹೆಂಗಸರೆಲ್ಲ ಗಾಡಿಯಲ್ಲಿ ನಿಂತಿದ್ದರು. ನೀರು ಎರಚಿ ಆಗಿತ್ತು. ಬಲ್ಗಾಸಿಂ ಖಾಲಿ ಬಕೀಟು ಹಿಡಿದು ಕೆಳಗೇ ಇದ್ದ. ಇಂಜಿನ್ನು ಗುರುಗುಡುತ್ತಿತ್ತು, ಬ್ಯಾಟರಿ ಸತ್ತದ್ದರಿಂದ ಒಮ್ಮೆ ನೂಕಿ ಎಬ್ಬಿಸಿದ ಮೇಲೆ ತೋಟ ಮುಟ್ಟುವವರೆಗೆ ಅವನು ಅದನ್ನು ಆರಿಸುತ್ತಿರಲಿಲ್ಲ. ಜಾಜಿಯಾ ಕ್ಯಾಬಿನ್ನಿನಲ್ಲಿ ಕೊಂಬುಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಕತ್ತೆಗಾಡಿಯೊಂದು ಬಂದು ಅಡ್ಡ ನಿಂತಿತು. ವನ್ನಾಸ ಕತ್ತೆಯ ಹಗ್ಗ ಹಿಡಿದಿದ್ದಳು. ಕಂಬಳಿಯಲ್ಲಿ ಸುತ್ತಿದ ಶಾದ್ಲಿಯಾಳನ್ನು ಖದ್ದೂಜಾ ತಬ್ಬಿಕೊಂಡಿದ್ದಳು. ಹುಡುಗಿಯ ಎದೆ ಗೊರಗೊರ ಅನ್ನುವುದು ಇಂಜಿನ್ನಿನ ಸದ್ದಿನಲ್ಲೂ ಕೇಳುತ್ತಿತ್ತು.

"ಬಲ್ಗಾಸಿಂ, ನಿನ್ ಕಾಲಿಗೆ ಬೀಳ್ತೀನಿ ಕಣಪ್ಪ," ಎಂದಳು ಖದ್ದೂಜಾ. "ಇವತ್ತು ತಪ್ಪುದ್ರೆ ನನ್ ಮಗ್ಳು ಉಳಿಯಾಕಿಲ್ಲ. ಮುಂದ್ಗಡೆ ಕೂರಿಸ್ಕಂಡೋಗು."

"ಎಲ್ಲದೆ ಜಾಗ? ನೋಡು, ಜಾಜಿಯಾ ಕೂತವ್ಳೆ."

ಎಲ್ಲರ ಕಣ್ಣೂ ಗಾಜಿನೊಳಗಿದ್ದ ಜಾಜಿಯಾಳ ಮೇಲೆ ಬಿತ್ತು. ಅವಳು ಚೀಲ ಹಿಡಿದುಕೊಂಡೇ ಬಾಗಿಲು ತೆರೆದು ಇಳಿದಳು.

"ಇಳ್ದೆ. ಕೂರ್ಸು ಅವಳ್ನ."

"ಯಾಕೆ, ನನ್ ಸೀಟೆಲ್ಲ ವಾಂತಿ ಮಾಡ್ಸಾಕಾ? ಸಾಯೋಳ್ನ ಕ್ಯಾಬಿನ್ನಲ್ಲಿ ಕೂರಿಸ್ಕಂಡು ನಾನು ಜೈಲಿಗೋಗ್ಲಾ? ತ್ವಾಟಕ್ಕೆ ಮೊದ್ಲು. ಸಂಜೆಗೆ ನೋಡಾನ. ಬರ್ಲೇಬೇಕು ಅಂದ್ರೆ ಹಿಂದೆ ಹತ್ಲಿ, ನಿಂತ್ಕಂಡು ಬರ್ಲಿ ಎಲ್ರಂಗೆ."

ಜಾಜಿಯಾ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಗಾಡಿಯ ಹಿಂದಕ್ಕೆ ಹೋಗಿ, ಒಂದು ಕಾಲಿಟ್ಟು, ನೋವಿಗೆ ಕಿರುಚಿ, ಇನ್ನೊಂದು ಕಾಲು ಎಳೆದುಕೊಂಡು ಮೇಲೆ ಹತ್ತಿದಳು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಮಧ್ಯಕ್ಕೆ ಹೋಗಿ ನೀರಿನಲ್ಲಿ ಪಚಕ್ಕನೆ ಕೂತುಬಿಟ್ಟಳು.

"ಏಯ್! ಏಳೇ ಮ್ಯಾಕೆ!" ಬಲ್ಗಾಸಿಂ ಅಬ್ಬರಿಸಿದ.

"ಮೊಟ್ಟೆ ವಿಷ್ಯ ಠಾಣೇಲಿ ಹೇಳಿದ್ದು ನಾನು ಕಣ್ರೇ," ಎಂದಳು ಜಾಜಿಯಾ. ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು. "ಹೆಬ್ಬೆಟ್ಟು ಒತ್ತಿದ್ದು ನಾನು. ಈ ನಾಯಿ ಪಕ್ಕ ಕೂತ್ಕಂಡೋಗೋ ಆಸೇಗೆ. ವನ್ನಾಸನ ಕಾರು ಹೋಗಿದ್ದು ನನ್ನಿಂದ. ಹುಡ್ಗಿ ಹಿಂಗಾಗಿದ್ದು ನನ್ನಿಂದ."

ಖದ್ದೂಜಾ ಮೊದಲು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಎದೆ ಹೊಡೆದುಕೊಂಡಳು.

"ನಿನ್ ಮನೆ ಹಾಳಾಗ! ನನ್ ಮನೆ ಉಪ್ಪು ತಿಂದಿದ್ದೆಯಲ್ಲೇ! ನಿನ್ ಕೈಗೆ ಹುಳ ಬೀಳ!"

"ಬೀಳ್ಲಿ," ಎಂದಳು ಜಾಜಿಯಾ.

ಬೆಯ್ಯಾ ಬಗ್ಗಿ ಅವಳ ಮುಖಕ್ಕೆ ಥೂ ಎಂದು ಉಗಿದಳು. ಜಾಜಿಯಾ ಒರೆಸಿಕೊಳ್ಳಲಿಲ್ಲ.

"ಉಗೀರಿ. ಹೊಡೀರಿ. ಆಮೇಲೆ ಊರಾಚೆ ಹಾಕ್ರಿ. ಆದ್ರೆ ಈಗ ಕೂತ್ಕಳ್ರೇ! ಎಲ್ರೂ ಕೂತ್ಕಳ್ರೇ! ಅವಳ್ನ ನೀರಲ್ಲಿ ಮಲಗಿಸಾಕಾಯ್ತದಾ? ನಮ್ ತೊಡೆ ಮ್ಯಾಲೆ ಹಾಕ್ಕಳಾನ. ನಾವು ಏಳ್ದೆ ಇದ್ರೆ ಇವನ್ಯಾವ ತ್ವಾಟಕ್ಕೆ ಹೋಯ್ತಾನೆ?"

ಯಾರೂ ಅಲುಗಲಿಲ್ಲ. ಶಾದ್ಲಿಯಾ ಕೆಮ್ಮಿದಳು, ಕೆಮ್ಮಿನ ಜತೆ ನೊರೆ ಬಂತು.

"ನಿನ್ ಮಾತು ಕೇಳ್ಕಂಡಲ್ಲ ಕಣೇ," ಎಂದಳು ಬೆಯ್ಯಾ, ಹಲ್ಲು ಕಡಿಯುತ್ತಾ. "ಆ ಹುಡುಗಿಗೋಸ್ಕರ." ಜಾಜಿಯಾಳ ಪಕ್ಕ ಕೂತಳು. ಕೂತವಳೇ, "ಅಯ್ಯಯ್ಯೋ, ತಣ್ಣಗವೆ!" ಎಂದು ಕಿರುಚಿದಳು. ಇನ್ನೊಬ್ಬಳು ಕೂತಳು. ಮತ್ತೊಬ್ಬಳು. ಬಲ್ಗಾಸಿಮನ ಲೆಕ್ಕ ಸರಿಯಾಗಿಯೇ ಇತ್ತು. ಕೂತ ಹೆಂಗಸರು ಎರಡೆರಡು ಜಾಗ ತಿಂದರು, ಗಾಡಿ ಅರ್ಧಕ್ಕೇ ತುಂಬಿಹೋಯಿತು. ಜಾಗ ಸಾಲದವರು ಕೆಳಗಿಳಿದು ಶಾದ್ಲಿಯಾಳನ್ನು ಕಂಬಳಿ ಸಮೇತ ಎತ್ತಿ ಕೊಟ್ಟರು. ಐದಾರು ಮಡಿಲುಗಳ ಮೇಲೆ ಅವಳು ಒರಗಿದಳು. ತಲೆ ಜಾಜಿಯಾಳ ಎದೆಗೆ ಬಂತು.

"ಇಳೀರೇ ಲೌಡಿ ಮುಂಡೇರಾ!" ಬಲ್ಗಾಸಿಂ ಬಕೀಟು ಎಸೆದು ಹಿಂದಿನ ಹಲಗೆ ಹತ್ತಲು ಬಂದ. ಕೆಳಗಿದ್ದ ಹೆಂಗಸರು ಅವನ ಅಂಗಿ ಹಿಡಿದರು, ಕಾಲು ಹಿಡಿದರು, ಒಬ್ಬಳು ಒದ್ದೆ ಶಾಲನ್ನು ಅವನ ತಲೆಗೇ ಹೊದಿಸಿಬಿಟ್ಟಳು. ಅಷ್ಟೊಂದು ವರ್ಷ ಕೊಂಬೆ ಬಾಚಿದ ಕೈಗಳು. ಅವನು ಬಿಡಿಸಿಕೊಳ್ಳಲಾರದೆ ಒದ್ದಾಡಿದ.

ವನ್ನಾಸ ಕತ್ತೆಯ ಹಗ್ಗ ಕೈಬಿಟ್ಟಳು. ಗಾಡಿಯ ಪಕ್ಕದಲ್ಲಿ ಹಾಯುವಾಗ ಒಂದು ಸಲ ನಿಂತು ಜಾಜಿಯಾಳನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆ ನೋಟವನ್ನು ತಡೆದುಕೊಳ್ಳಲಾಗಲಿಲ್ಲ.

"ತಲೆ ಎತ್ತಿ ಹಿಡ್ಕ," ಎಂದಳು ವನ್ನಾಸ. "ಮಲಗ್ಸಬ್ಯಾಡ, ಉಸಿರು ಕಟ್ತದೆ."

ಅಷ್ಟೇ. ಖದ್ದೂಜಾಳನ್ನು ಕ್ಯಾಬಿನ್ನಿಗೆ ಹತ್ತಿಸಿ, ತಾನು ಇನ್ನೊಂದು ಕಡೆಯಿಂದ ಹತ್ತಿ, ಓಡುತ್ತಲೇ ಇದ್ದ ಇಂಜಿನ್ನಿಗೆ ಗೇರು ಹಾಕಿದಳು.

ಗಾಡಿ ಒಣಹಳ್ಳ ಇಳಿದು ಹತ್ತಿತು. ಸಿ ಮೊಖ್ತಾರನ ತೋಟ ಬಂತು. ಮರಗಳ ಕೆಳಗೆ ಬಲೆ ಹಾಸಿಟ್ಟು ಮೇಸ್ತ್ರಿ ರಸ್ತೆಗೆ ಬಂದು ಕೈ ಬೀಸಿದ. ಗಾಡಿ ನಿಲ್ಲದೆ ಹಾದುಹೋಯಿತು. ಅವನು ಬೀಸಿದ ಕೈಯನ್ನು ಹಾಗೇ ಮೇಲೆ ಹಿಡಿದುಕೊಂಡು ಹಿಂದುಳಿದ. ಬೆಯ್ಯಾಳಿಗೂ ನಗು ಬರಲಿಲ್ಲ. ನೀರು ಎಲ್ಲರ ಬಟ್ಟೆ ತೋಯಿಸಿ ಚರ್ಮಕ್ಕೆ ಇಳಿದಿತ್ತು. ಜಾಜಿಯಾಳ ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಶಾದ್ಲಿಯಾಳ ಉಸಿರು ಅವಳ ಕುತ್ತಿಗೆಗೆ ತಾಗಿ ನಿಲ್ಲುತ್ತಿತ್ತು, ಮತ್ತೆ ತಾಗುತ್ತಿತ್ತು.

ಠಾಣೆಯ ಮುಂದೆ ಕಂಬ ಅಡ್ಡ ಬಿದ್ದಿತ್ತು. ಬಲ್ಗಾಸಿಂ ಫೋನು ಮಾಡಿರಬೇಕು, ಸಾಹೇಬ ರಸ್ತೆಯ ಮಧ್ಯೆಯೇ ನಿಂತಿದ್ದ. ವನ್ನಾಸ ಗಾಡಿ ನಿಲ್ಲಿಸಿದಳು, ಇಂಜಿನ್ನು ಆರಿಸಲಿಲ್ಲ. ಸಾಹೇಬ ಹಿಂದಕ್ಕೆ ಬಂದು ನೋಡಿದ.

"ಏನಿದು? ಇಳೀರಿ ಎಲ್ಲ ಕೆಳಗೆ!" ಅವನಿಗೆ ಜಾಜಿಯಾಳ ಗುರುತು ಹತ್ತಿತು. "ಓ, ಮೊಟ್ಟೆ ಮುದುಕಿ! ಇವತ್ತೇನು ಕೊಟ್ಟೆ ಬಾಡಿಗೆಗೆ?"

"ಬರ್ಕಳಿ ಸ್ವಾಮಿ," ಎಂದಳು ಜಾಜಿಯಾ. "ಈ ಗಾಡಿ ಕದ್ದಿದ್ದು ನಾನು. ಓಡಿಸೋಳ ತಪ್ಪೇನಿಲ್ಲ. ಅವತ್ತು ಬರ್ಕಂಡಿದ್ರಲ್ಲ, ಅದು ಸುಳ್ಳು. ಇದು ನಿಜ. ಹೆಬ್ಬೆಟ್ಟು ತಗಳಿ."

ಕೈ ಚಾಚಿದಳು. ದಾರಿಯಲ್ಲಿ ಯಾವಾಗಲೋ, ಕೈ ಮರಗಟ್ಟದಿರಲೆಂದೋ ಏನೋ, ಐದೂ ಬೆರಳಿಗೆ ಆಡಿನ ಕೊಂಬು ಸಿಕ್ಕಿಸಿಕೊಂಡಿದ್ದಳು. ಸಾಹೇಬ ಒಂದು ಹೆಜ್ಜೆ ಹಿಂದೆ ಸರಿದ.

"ಎದ್ದು ನಿಂತ್ಕೊಂಡು ಮಾತಾಡು! ಯಾರ ಮುಂದೆ ಕೂತಿದೀಯ ಗೊತ್ತಾ?"

"ಚಿಕ್ಕಮ್ಮ..." ಎಂದಳು ಶಾದ್ಲಿಯಾ. ಮುಂದೆ ಏನೋ ಹೇಳಲು ಬಾಯಿ ತೆರೆದಳು, ಮಾತು ಬರಲಿಲ್ಲ. ತುಟಿ ನೀಲಿಗಟ್ಟಿತ್ತು. ಜಾಜಿಯಾ ಅವಳ ತಲೆಯನ್ನು ಇನ್ನೂ ಮೇಲಕ್ಕೆತ್ತಿ ಹಿಡಿದಳು. ಆ ಕಡೆ ಕ್ಯಾಬಿನ್ನಿನಲ್ಲಿ ವನ್ನಾಸ ಗೇರು ಬದಲಿಸಿದ ಸದ್ದಾಯಿತು. ಗಾಡಿ ಒಂದು ಸಲ ನಡುಗಿ ಅಡ್ಡಕಂಬದ ಕಡೆಗೆ ನುಗ್ಗಿತು.

"ನಿಲ್ಲಿಸು! ನಿಲ್ಲಿಸೇ!" ಸಾಹೇಬ ಗಾಡಿಯ ಜತೆಗೇ ಓಡುತ್ತಾ ಹಲಗೆಯನ್ನು ಬಡಿದ. "ಏಳ್ರೇ ಮೇಲೆ! ಎದ್ದೇಳ್ರೇ!"

ಯಾರೂ ಏಳಲಿಲ್ಲ.